‘ತಬರಿಯಲ್ಲಿದೆ’ ಎಂದರೆ ಸಾಕೇ?

ಮುಹರ್ರಮ್ ತಿಂಗಳು ಬಂತೆಂದರೆ ನಮ್ಮ ಮನೆಗಳ ಜಗಲಿಯಲ್ಲಿ, ಮಸೀದಿಯ ಅಂಗಳದಲ್ಲಿ, ಈಚೆಗೆ ಮೊಬೈಲಿನ ಕುಟುಂಬ ಗುಂಪುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಇದು ತಬರಿಯಲ್ಲಿದೆ.” ಯಾರೋ ಒಬ್ಬರು ಸಹಾಬಿಗಳ ಕುರಿತು ಮನಸ್ಸು ನೋಯಿಸುವ ಒಂದು ಘಟನೆಯನ್ನು ಹೇಳುತ್ತಾರೆ. ಇನ್ನೊಬ್ಬರು ಆಕ್ಷೇಪಿಸುತ್ತಾರೆ. ಆಗ ಮೊದಲನೆಯವರು ಗ್ರಂಥದ ಹೆಸರು ಹೇಳಿ, ವಾದ ಮುಗಿಯಿತೆಂಬಂತೆ ಸುಮ್ಮನಾಗುತ್ತಾರೆ. ಎದುರಿನವರಿಗೆ ಎರಡೇ ದಾರಿ ಉಳಿದಂತೆ ತೋರುತ್ತದೆ. ಒಂದೋ ಆ ಘಟನೆಯನ್ನು ನಂಬಬೇಕು, ಇಲ್ಲವೇ ಇಮಾಮ್ ತಬರಿ(ರ)ಯವರನ್ನು ಸುಳ್ಳುಗಾರರೆನ್ನಬೇಕು. ಎರಡೂ ಅನ್ಯಾಯ. ಮೂರನೆಯ ದಾರಿಯೊಂದಿದೆ. ಅದನ್ನು ತೋರಿಸಿಕೊಟ್ಟವರು ಸ್ವತಃ ತಬರಿಯವರೇ. ಆದರೆ ಅದು ಕಣ್ಣಿಗೆ ಬೀಳಬೇಕಾದರೆ, ಒಂದು ಗ್ರಂಥದಿಂದ ಮಾತನ್ನು ಎತ್ತಿಕೊಳ್ಳುವ ಮುನ್ನ ಅದು ಯಾವ ಪ್ರಕಾರದ ಗ್ರಂಥ ಎಂದು ಕೇಳುವ ಅಭ್ಯಾಸ ನಮಗಿರಬೇಕು.

ಇದೇನೂ ಆಧುನಿಕ ಸಾಹಿತ್ಯ ವಿಮರ್ಶೆಯಿಂದ ತಂದ ಪ್ರಶ್ನೆಯಲ್ಲ. ಮಕ್ಕಾದ ಕುರೈಶರು ಪವಿತ್ರ ಕುರ್‌ಆನನ್ನು ಕೇಳಿದಾಗ ಅವರನ್ನು ಮೊದಲು ಕಾಡಿದ್ದು ಇದೇ ಪ್ರಶ್ನೆ. ಅವರು ಮಾತಿನ ಪ್ರಕಾರಗಳನ್ನು ಚೆನ್ನಾಗಿ ಬಲ್ಲವರು. ಕಸೀದ ಎಂದರೇನು, ರಜಝ್ ಎಂದರೇನು, ಕಾಹಿನರು ಭವಿಷ್ಯ ನುಡಿಯುವಾಗ ಬಳಸುವ ಪ್ರಾಸಬದ್ಧ ಗದ್ಯ ಹೇಗಿರುತ್ತದೆ ಎಂಬುದು ಅವರ ಕಿವಿಗೆ ಗೊತ್ತಿತ್ತು. ಹಜ್ಜ್ ಕಾಲ ಸಮೀಪಿಸಿದಾಗ, ಹೊರಗಿನಿಂದ ಬರುವ ಅರಬರಿಗೆ ಮುಹಮ್ಮದ್(ಸ)ರ ಕುರಿತು ಏನೆಂದು ಹೇಳಬೇಕೆಂದು ನಾಯಕರು ಸಮಾಲೋಚಿಸಿದರು. ಕಾಹಿನನೆನ್ನೋಣ, ಕವಿಯೆನ್ನೋಣ ಎಂದು ಒಬ್ಬೊಬ್ಬರು ಸೂಚಿಸುತ್ತ ಹೋದಂತೆ ವಲೀದ್ ಬಿನ್ ಮುಗೀರ ಒಂದೊಂದನ್ನೇ ತಳ್ಳಿಹಾಕಿದ. ಕಾವ್ಯದ ಎಲ್ಲ ಬಗೆಗಳನ್ನೂ ತಾನು ಬಲ್ಲೆ, ಇದು ಅವುಗಳಲ್ಲಿ ಯಾವುದೂ ಅಲ್ಲ ಎಂದ. ಕೊನೆಗೆ ‘ಮಾಂತ್ರಿಕ’ ಎಂಬ ಪದಕ್ಕೆ ಜೋತುಬಿದ್ದ. ತಾನು ಕವಿಯ ಮಾತೂ ಅಲ್ಲ, ಕಾಹಿನನ ಮಾತೂ ಅಲ್ಲ ಎಂದು ಕುರ್‌ಆನ್ ಅಲ್‌ಹಾಕ್ಕ ಅಧ್ಯಾಯದಲ್ಲಿ ಸ್ಪಷ್ಟವಾಗಿ ಸಾರಿತು.

ಮುಂದಿನ ಎರಡು ಮೂರು ಶತಮಾನಗಳಲ್ಲಿ ಮುಸ್ಲಿಮ್ ವಿದ್ವಾಂಸರು ತಮ್ಮ ಬರಹಗಳಿಗೆ ತಾವೇ ಪ್ರಕಾರಗಳನ್ನು ರೂಪಿಸಿಕೊಂಡರು. ಹದೀಸ್ ಗ್ರಂಥಗಳೆಂದು ನಾವು ಒಂದೇ ಕಪಾಟಿನಲ್ಲಿಡುವ ಕೃತಿಗಳಲ್ಲೂ ಉದ್ದೇಶ ಬೇರೆ ಬೇರೆ. ಇಮಾಮ್ ಅಹ್ಮದ್ ಬಿನ್ ಹಂಬಲ್(ರ)ರ ‘ಮುಸ್ನದ್’ನಲ್ಲಿ ಹದೀಸ್‌ಗಳು ವಿಷಯವಾರು ಜೋಡಣೆಗೊಂಡಿಲ್ಲ. ಯಾವ ಸಹಾಬಿಯಿಂದ ಏನೇನು ವರದಿಯಾಗಿದೆ ಎಂಬುದೇ ಅದರ ಕ್ರಮ. ಇಮಾಮ್ ಬುಖಾರಿ(ರ)ಯವರದು ವಿಷಯವಾರು ಜೋಡಣೆ, ಅದರ ಮೇಲೆ ಅಧಿಕೃತತೆಯ ಕಠಿಣ ಷರತ್ತು. ‘ಸುನನ್’ ಎಂಬುದು ಮುಖ್ಯವಾಗಿ ಕರ್ಮಶಾಸ್ತ್ರಕ್ಕೆ ಆಧಾರ ಒದಗಿಸುವ ಪ್ರಕಾರ. ಹಿ.ಶ. 275ರಲ್ಲಿ (ಕ್ರಿ.ಶ. 889) ನಿಧನರಾದ ಇಮಾಮ್ ಅಬೂದಾವೂದ್(ರ) ಮಕ್ಕಾದ ಜನರಿಗೆ ಬರೆದ ಪತ್ರವೊಂದು ಉಳಿದುಬಂದಿದೆ. ತಮ್ಮ ಸುನನ್‌ನಲ್ಲಿ 4,800 ಹದೀಸ್‌ಗಳಿವೆ, ತಾವು ಇದರಲ್ಲಿ ಸಂಗ್ರಹಿಸಿದ್ದು ವಿಧಿನಿಯಮಗಳಿಗೆ ಸಂಬಂಧಿಸಿದ್ದನ್ನು, ವೈರಾಗ್ಯ ಮತ್ತು ಕರ್ಮಗಳ ಶ್ರೇಷ್ಠತೆಯ ವಿಷಯಗಳನ್ನು ಇದರಲ್ಲಿ ಹುಡುಕಬೇಡಿ, ತೀವ್ರ ದೌರ್ಬಲ್ಯವಿರುವ ವರದಿ ಬಂದಾಗ ಅದನ್ನು ಸೂಚಿಸಿದ್ದೇನೆ ಎಂಬ ಅರ್ಥದ ವಿವರಣೆ ಅದರಲ್ಲಿದೆ. ಒಬ್ಬ ಲೇಖಕ ತನ್ನ ಓದುಗರೊಡನೆ ಮಾಡಿಕೊಂಡ ಕರಾರುಪತ್ರದಂತಿರುವ ಆ ಪತ್ರವನ್ನು ನಮ್ಮ ಮದ್ರಸಾಗಳಲ್ಲಿ ಸುನನ್‌ನ ಜೊತೆಗೇ ಓದಿಸಿದರೆ ಎಷ್ಟು ಚೆನ್ನ!

ಪ್ರಕಾರದ ಪ್ರಶ್ನೆ ನಿಜಕ್ಕೂ ಬಿಸಿಯೇರಿದ್ದು ಪ್ರವಾದಿ ಚರಿತ್ರೆಯ, ಅಂದರೆ ಸೀರಾ ಮತ್ತು ಮಗಾಝಿಯ ವಿಷಯದಲ್ಲಿ. ಮದೀನಾದಲ್ಲಿ ಬೆಳೆದು ಬಗ್ದಾದಿನಲ್ಲಿ ಹಿ.ಶ. 150ರ (ಕ್ರಿ.ಶ. 767) ಸುಮಾರಿಗೆ ತೀರಿಕೊಂಡ ಮುಹಮ್ಮದ್ ಬಿನ್ ಇಸ್‌ಹಾಕ್ ಈ ಪ್ರಕಾರದ ಮೊದಲ ಮಹಾ ಕೃತಿಯ ಕರ್ತೃ. ಅವರ ಮುಂದೆ ಒಂದು ಸಮಸ್ಯೆಯಿತ್ತು. ಹದೀಸ್ ವಿದ್ವಾಂಸ ಒಂದು ವರದಿಯನ್ನು ಅದರ ಸನದಿನೊಂದಿಗೆ ಹೇಳಿ ನಿಲ್ಲಬಹುದು. ಬದ್ರ್ ಯುದ್ಧದ ಕಥೆ ಹೇಳುವವನು ಹಾಗೆ ನಿಂತರೆ ಕಥೆ ಮುಂದೆ ಸಾಗದು. ಸೇನೆ ಎಲ್ಲಿಂದ ಹೊರಟಿತು, ನೀರು ಯಾರ ವಶದಲ್ಲಿತ್ತು, ಮೊದಲು ಮುಂದೆ ಬಂದವರು ಯಾರು ಎಂಬುದೆಲ್ಲ ಒಂದರ ಹಿಂದೊಂದು ಬರಬೇಕು. ಆದ್ದರಿಂದ ಇಬ್ನು ಇಸ್‌ಹಾಕ್ ಹಲವೆಡೆ ಅನೇಕ ವರದಿಗಾರರ ಹೆಸರುಗಳನ್ನು ಒಟ್ಟಿಗೆ ಹೇಳಿ, ಅವರೆಲ್ಲರ ಮಾತುಗಳನ್ನು ಒಂದೇ ಕಥನವಾಗಿ ಹೆಣೆದರು. ಕಥನಕ್ಕೆ ಇದು ಅನಿವಾರ್ಯ. ಹದೀಸಿನ ದೃಷ್ಟಿಯಿಂದ ಇದು ದೋಷ, ಏಕೆಂದರೆ ಯಾವ ವಾಕ್ಯ ಯಾರದು ಎಂದು ತಿಳಿಯುವುದಿಲ್ಲ.

ಅವರ ಸಮಕಾಲೀನ ಇಮಾಮ್ ಮಾಲಿಕ್(ರ) ಅವರನ್ನು ಕಟುವಾಗಿ ಟೀಕಿಸಿದ್ದರು. ಆದರೆ ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು ಇಮಾಮ್ ಅಹ್ಮದ್(ರ)ರ ತೀರ್ಮಾನ. ಮಗಾಝಿಯಂತಹ ವಿಷಯಗಳಲ್ಲಿ ಇಬ್ನು ಇಸ್‌ಹಾಕ್‌ರಿಂದ ಬರೆದುಕೊಳ್ಳಬಹುದು ಎಂದ ಅವರು, ಹಲಾಲ್ ಮತ್ತು ಹರಾಮಿನ ಪ್ರಶ್ನೆ ಬಂದಾಗ ನಮಗೆ ಇಂಥವರು ಬೇಕು ಎಂದು ಬೆರಳುಗಳನ್ನು ಬಿಗಿಯಾಗಿ ಮಡಚಿ ತೋರಿಸಿದರೆಂದು ವರದಿಯಾಗಿದೆ. ವ್ಯಕ್ತಿ ಅದೇ, ನಾಲಿಗೆ ಅದೇ. ಬದಲಾದದ್ದು ಆ ಮಾತಿನ ಮೇಲೆ ಹೊರಿಸುವ ಭಾರ.

ಇಬ್ನು ಇಸ್‌ಹಾಕ್‌ರಿಗೆ ಇನ್ನೊಂದು ದಿಕ್ಕಿನಿಂದಲೂ ಪೆಟ್ಟು ಬಿತ್ತು. ಅರಬಿ ಕವಿಗಳ ಕುರಿತು ಗ್ರಂಥ ಬರೆದ ಇಬ್ನು ಸಲ್ಲಾಮ್ ಅಲ್‌ಜುಮಹಿ, ಆದ್ ಮತ್ತು ಸಮೂದ್ ಜನಾಂಗದವರ ಹೆಸರಿನಲ್ಲಿ ಕವಿತೆಗಳನ್ನು ಸೇರಿಸಿದ್ದಕ್ಕಾಗಿ ಅವರನ್ನು ತರಾಟೆಗೆ ತೆಗೆದುಕೊಂಡರು. ನಾಶವಾಗಿ ಹೋದ ಜನಾಂಗದ ಕವಿತೆಯನ್ನು ಇಷ್ಟು ಸಾವಿರ ವರ್ಷ ಹೊತ್ತು ತಂದವರಾರು ಎಂಬುದು ಅವರ ಪ್ರಶ್ನೆ. ಉತ್ತರವಿಲ್ಲದ ಪ್ರಶ್ನೆ. ಈಜಿಪ್ಟಿನಲ್ಲಿ ನೆಲೆಸಿದ್ದ ಇಬ್ನು ಹಿಶಾಮ್ ಈ ಬೃಹತ್ ಕೃತಿಯನ್ನು ಪರಿಷ್ಕರಿಸಿದಾಗ, ಕಾವ್ಯ ಬಲ್ಲವರು ಯಾರೂ ಗುರುತಿಸದ ಕವಿತೆಗಳನ್ನು ಕೈಬಿಟ್ಟರು. ಪ್ರವಾದಿವರ್ಯರ(ಸ) ಚರಿತ್ರೆಗೆ ಸಂಬಂಧಿಸದ ಭಾಗಗಳನ್ನೂ ತೆಗೆದರು. ಏನನ್ನು ಬಿಟ್ಟೆ, ಏಕೆ ಬಿಟ್ಟೆ ಎಂದು ಆರಂಭದಲ್ಲಿಯೇ ತಿಳಿಸಿದರು. ಸೀರಾ ಎಂಬ ಪ್ರಕಾರಕ್ಕೆ ಗಡಿ ಗುರುತಿಸಿದ ಕೀರ್ತಿ ಅವರಿಗೆ ಸಲ್ಲಬೇಕು.

ಈಗ ತಬರಿಯವರ ಬಳಿಗೆ ಬರೋಣ. ಅವರು (ಹಿ.ಶ. 224–310, ಕ್ರಿ.ಶ. 839–923) ಒಂದೇ ಲೇಖನಿಯಿಂದ ಬರೆದವರಲ್ಲ. ಅವರ ಕುರ್‌ಆನ್ ವ್ಯಾಖ್ಯಾನದಲ್ಲಿ ಹಲವು ಅಭಿಪ್ರಾಯಗಳನ್ನು ಹೇಳಿದ ನಂತರ ತಮಗೆ ಸರಿಯೆನಿಸಿದ್ದನ್ನು ಬಹುತೇಕ ಆರಿಸಿ ಹೇಳುತ್ತಾರೆ. ‘ತಹ್‌ಝೀಬುಲ್ ಆಸಾರ್’ ಎಂಬ ಹದೀಸ್ ಕೃತಿಯಲ್ಲಿ ವರದಿಯ ಬಲಾಬಲಗಳನ್ನು ಚರ್ಚಿಸುತ್ತಾರೆ. ಇತಿಹಾಸ ಗ್ರಂಥದಲ್ಲಾದರೋ ಸಾಮಾನ್ಯವಾಗಿ ತೀರ್ಪು ನೀಡದೆ, ಒಂದೇ ಘಟನೆಯ ಪರಸ್ಪರ ವಿರುದ್ಧವಾದ ವರದಿಗಳನ್ನು ಸನದ್ ಸಮೇತ ಪಕ್ಕಪಕ್ಕದಲ್ಲಿಟ್ಟು ಮುಂದೆ ಸಾಗುತ್ತಾರೆ. ಓದುಗನಿಗೆ ಒಪ್ಪಿಗೆಯಾಗದ, ಕೇಳಿದವನಿಗೆ ಅಸಹ್ಯವೆನಿಸುವ ವರದಿಯೇನಾದರೂ ಇದರಲ್ಲಿ ಸಿಕ್ಕಿದರೆ ಅದು ತನ್ನಿಂದ ಹುಟ್ಟಿದ್ದಲ್ಲ, ತನಗೆ ತಲುಪಿಸಿದವರಿಂದ ಬಂದದ್ದು, ತಲುಪಿದಂತೆಯೇ ತಾನು ಮುಟ್ಟಿಸಿದ್ದೇನೆ ಎಂದು ಮುನ್ನುಡಿಯಲ್ಲಿಯೇ ಹೇಳಿಬಿಟ್ಟಿದ್ದಾರೆ. ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ, ಅದು ಸಾಕ್ಷಿಗಳ ಹೇಳಿಕೆಗಳನ್ನು ದಾಖಲಿಸಿದ ಕಡತ. “ತಬರಿಯಲ್ಲಿದೆ” ಎನ್ನುವವರು ಆ ಕಡತದ ಒಂದು ಹಾಳೆಯನ್ನು ಹರಿದು ತಂದು ತೀರ್ಪೆಂದು ತೋರಿಸುತ್ತಿದ್ದಾರೆ.

ಆ ಹಾಳೆಯ ತಲೆಯಲ್ಲೇ ಸಾಕ್ಷಿಯ ಹೆಸರಿದೆ. ಹಝ್ರತ್ ಉಸ್ಮಾನ್(ರ)ರ ಕೊಲೆ, ಜಮಲ್ ಯುದ್ಧ ಮೊದಲಾದ ಪ್ರಕರಣಗಳಲ್ಲಿ ತಬರಿಯವರು ಸೈಫ್ ಬಿನ್ ಉಮರ್‌ನ ವರದಿಗಳನ್ನು ಧಾರಾಳವಾಗಿ ಬಳಸಿದ್ದಾರೆ. ಕರ್ಬಲಾ ಪ್ರಕರಣದಲ್ಲಿ ಅಬೂ ಮಿಖ್ನಫ್‌ನ ವರದಿಗಳನ್ನು ಬಳಸಿದ್ದಾರೆ. ಹದೀಸ್ ವಿಮರ್ಶಕರು ಇವರಿಬ್ಬರನ್ನೂ ದುರ್ಬಲರೆಂದೇ ಪರಿಗಣಿಸಿದ್ದರು. ಆದರೂ ಶತಮಾನಗಳ ನಂತರ ಹಾಫಿಝ್ ಇಬ್ನು ಹಜರ್(ರ) ಸೈಫ್‌ನ ಕುರಿತು ನೀಡಿದ ತೀರ್ಮಾನ ಎರಡು ಭಾಗವಾಗಿದೆ: ಹದೀಸಿನಲ್ಲಿ ದುರ್ಬಲ, ಇತಿಹಾಸದಲ್ಲಿ ಆಧಾರಸ್ತಂಭ. ಇತಿಹಾಸಕ್ಕೆ ಇಂಥವರಿಲ್ಲದೆ ನಡೆಯದು ಎಂಬುದನ್ನು ಅವರು ಬಲ್ಲರು. ಆದರೆ ಒಬ್ಬ ಸಹಾಬಿಯ ಚಾರಿತ್ರ್ಯವನ್ನು ಅಳೆಯಲು, ಒಂದು ವಿಶ್ವಾಸವನ್ನು ಕಟ್ಟಲು ಆ ಆಧಾರ ಸಾಲದು ಎಂಬುದನ್ನೂ ಬಲ್ಲರು.

ತೊಡಕು ಹೆಚ್ಚಾದದ್ದು ನಂತರ. ಕ್ರಿ.ಶ. 1233ರಲ್ಲಿ ನಿಧನರಾದ ಇಬ್ನುಲ್ ಅಸೀರ್ ತಮ್ಮ ‘ಅಲ್‌ಕಾಮಿಲ್’ ಎಂಬ ಇತಿಹಾಸಕ್ಕೆ ತಬರಿಯವರನ್ನು ಮುಖ್ಯ ಆಕರವಾಗಿಸಿಕೊಂಡರು. ಹಲವು ವರದಿಗಳಲ್ಲಿ ಅತ್ಯಂತ ಪೂರ್ಣವಾದುದನ್ನು ಆಯ್ದು, ಉಳಿದವುಗಳಿಂದ ಬೇಕಾದುದನ್ನು ಸೇರಿಸಿ, ಸನದ್‌ಗಳನ್ನು ಬಿಟ್ಟು, ಸರಾಗವಾಗಿ ಓದಿಸಿಕೊಂಡು ಹೋಗುವ ಗ್ರಂಥವೊಂದನ್ನು ಕೊಟ್ಟರು. ಅದು ಅವರು ಆರಿಸಿಕೊಂಡ ಪ್ರಕಾರ. ತಾವು ಮಾಡಿದ್ದನ್ನು ಅವರು ಮರೆಮಾಚಲೂ ಇಲ್ಲ. ಆದರೆ ಹೆಸರುಗಳು ಉದುರಿಹೋದ ಮೇಲೆ, ಅನುವಾದದಿಂದ ಅನುವಾದಕ್ಕೆ ದಾಟುತ್ತ, ಒಬ್ಬ ದುರ್ಬಲ ವರದಿಗಾರನ ಮಾತು ಇತಿಹಾಸದ ಮಾತಾಗಿ ನಮ್ಮ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಇದರಿಂದ ಎಷ್ಟು ದೊಡ್ಡ ಹಾನಿಯಾದೀತು ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನವೇ ಸಾಕ್ಷಿ. ಭಾರತದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ವಿಲಿಯಂ ಮ್ಯೂರ್ 1858 ಮತ್ತು 1861ರ ನಡುವೆ ನಾಲ್ಕು ಸಂಪುಟಗಳಲ್ಲಿ ಪ್ರವಾದಿ(ಸ)ಯವರ ಚರಿತ್ರೆಯನ್ನು ಪ್ರಕಟಿಸಿದ. ವಾಹಿದಿ ಪರಂಪರೆಯಲ್ಲ, ವಾಕಿದಿ ಪರಂಪರೆಯ ವರದಿಗಳು (ಹೆಸರುಗಳು ಹತ್ತಿರವಾದ್ದರಿಂದ ಹೇಳುತ್ತಿದ್ದೇನೆ), ತಬರಿಯವರ ಸಂಗ್ರಹ ಇವೆಲ್ಲ ಅವನ ಕೈಯಲ್ಲಿದ್ದವು. ಪ್ರವಾದಿವರ್ಯರ(ಸ) ಪಾರಾಯಣದಲ್ಲಿ ಶೈತಾನನು ಮಾತು ಬೆರೆಸಿದನೆಂಬ ‘ಗರಾನೀಕ್’ ಕಥೆಯನ್ನು ಅವನು ನಡೆದ ಘಟನೆಯೆಂದೇ ಸ್ವೀಕರಿಸಿದ. ಆ ಕಥೆ ತಬರಿಯವರಲ್ಲಿ ಇದೆ, ನಿಜ. ಇಬ್ನು ಹಿಶಾಮ್‌ರ ಸೀರಾದಲ್ಲಿ ಇಲ್ಲ. ಬುಖಾರಿಯಲ್ಲಿ ಇರುವುದು, ಅನ್ನಜ್ಮ್ ಅಧ್ಯಾಯವನ್ನು ಓದಿ ಪ್ರವಾದಿ(ಸ) ಸುಜೂದ್ ಮಾಡಿದಾಗ ಮುಸ್ಲಿಮರೂ ಬಹುದೇವಾರಾಧಕರೂ ಸುಜೂದ್ ಮಾಡಿದರೆಂಬ ವರದಿ ಮಾತ್ರ. ಕಥೆಯ ಸುಳಿವೂ ಅಲ್ಲಿಲ್ಲ. ಅದರ ಸನದ್‌ಗಳೆಲ್ಲ ನಡುವೆ ತುಂಡಾದವು ಎಂದು ಇಬ್ನು ಕಸೀರ್(ರ) ಎಷ್ಟೋ ಹಿಂದೆಯೇ ಬರೆದಿದ್ದರು.

ಮ್ಯೂರ್‌ನ ಪುಸ್ತಕವನ್ನು ಓದಿ ಸರ್ ಸಯ್ಯಿದ್ ಅಹ್ಮದ್ ಖಾನ್ ಬೆಂದುಹೋದರು. 1869ರಲ್ಲಿ ಲಂಡನ್ನಿಗೆ ತೆರಳಿ, ಅಲ್ಲಿನ ಗ್ರಂಥಾಲಯಗಳಲ್ಲಿ ಕುಳಿತು, 1870ರಲ್ಲಿ ಉತ್ತರವಾಗಿ ಪ್ರಬಂಧ ಸಂಕಲನವೊಂದನ್ನು ಪ್ರಕಟಿಸಿದರು. ಉರ್ದುವಿನಲ್ಲಿ ಅದು ‘ಖುತ್ಬಾತೆ ಅಹ್ಮದಿಯ್ಯ’ ಎಂದು ಪ್ರಸಿದ್ಧ. ಅವರ ಇತರ ಅಭಿಪ್ರಾಯಗಳನ್ನು ಒಪ್ಪದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಈ ಕೃತಿಯಲ್ಲಿ ಅವರು ಬರಿಯ ಆಕ್ರೋಶ ತೋಡಿಕೊಳ್ಳದೆ, ಮುಸ್ಲಿಮರ ಗ್ರಂಥಗಳು ಎಷ್ಟು ಬಗೆ, ಯಾವುದರ ತೂಕ ಎಷ್ಟು ಎಂಬುದನ್ನು ವಿವರಿಸುವ ಶ್ರಮ ವಹಿಸಿದರು. ಅದೇ ಹಾದಿಯಲ್ಲಿ ಅಲ್ಲಾಮಾ ಶಿಬ್ಲಿ ನುಅಮಾನಿ ‘ಸೀರತುನ್ನಬಿ’ಗೆ ಸುದೀರ್ಘ ಪೀಠಿಕೆ ಬರೆದರು. ಹದೀಸಿನಲ್ಲಿ ತೋರಿದ ಕಟ್ಟುನಿಟ್ಟನ್ನು ಪೂರ್ವಿಕರು ಸೀರಾದಲ್ಲಿ ತೋರಲಿಲ್ಲ, ಎರಡೂ ಭಿನ್ನವಾದಲ್ಲಿ ಹದೀಸಿಗೇ ಆದ್ಯತೆ ಎಂಬುದು ಅದರ ತಿರುಳು. 1914ರಲ್ಲಿ ಅವರು ತೀರಿಕೊಂಡ ನಂತರ ಶಿಷ್ಯ ಸಯ್ಯಿದ್ ಸುಲೈಮಾನ್ ನದ್ವಿ ಆ ಕಾರ್ಯವನ್ನು ಮುಂದುವರಿಸಿದರು.

ನಮ್ಮ ನಾಡಿನ ಮಣ್ಣಿಗೂ ಈ ವಿಷಯದ ನಂಟಿದೆ. ಸೂಫಿ ಗುರುಗಳ ಸಭೆಯ ಮಾತುಗಳನ್ನು ಶಿಷ್ಯರು ಬರೆದಿಡುವ ‘ಮಲ್‌ಫೂಝಾತ್’ ಎಂಬ ಪ್ರಕಾರ ದಿಲ್ಲಿಯಲ್ಲಿ ಅರಳಿತು. ಹಝ್ರತ್ ನಿಝಾಮುದ್ದೀನ್ ಔಲಿಯಾ(ರ)ರ ಮಾತುಗಳನ್ನು ಅಮೀರ್ ಹಸನ್ ಸಿಜ್ಝಿ ದಾಖಲಿಸಿದ ‘ಫವಾಇದುಲ್ ಫುಆದ್’ ಜನಪ್ರಿಯವಾದುದೇ ತಡ, ಹಿಂದಿನ ಚಿಶ್ತಿ ಗುರುಗಳ ಹೆಸರಿನಲ್ಲಿ ಕೃತಕ ಮಲ್‌ಫೂಝಾತ್‌ಗಳು ಹುಟ್ಟಿಕೊಂಡವು. ಒಂದು ಪ್ರಕಾರಕ್ಕೆ ಬೇಡಿಕೆ ಬಂದಾಗ ಅದರ ವೇಷ ಧರಿಸುವವರೂ ಬರುತ್ತಾರೆ. ಹಝ್ರತ್ ನಸೀರುದ್ದೀನ್ ಚಿರಾಗೆ ದಿಲ್ಲಿ(ರ) ಈ ಪ್ರತಿಗಳಲ್ಲಿ ಆ ಮಹನೀಯರಿಗೆ ತಕ್ಕುದಲ್ಲದ ಮಾತುಗಳಿವೆ, ನಮ್ಮ ಗುರುಗಳಾರೂ ಗ್ರಂಥ ರಚಿಸಿಲ್ಲ ಎಂಬರ್ಥದಲ್ಲಿ ನಿರಾಕರಿಸಿದ್ದು ‘ಖೈರುಲ್ ಮಜಾಲಿಸ್’ನಲ್ಲಿ ದಾಖಲಾಗಿದೆ. ಅದೇ ಗುರುಗಳ ಶಿಷ್ಯರು ಕಲಬುರಗಿಯ ಖ್ವಾಜಾ ಬಂದೇ ನವಾಝ್(ರ). ಅವರ ಸಭೆಯ ಮಾತುಗಳು ‘ಜವಾಮಿಉಲ್ ಕಲಿಮ್’ ಎಂಬ ಹೆಸರಿನಲ್ಲಿ ಸಂಗ್ರಹಗೊಂಡಿವೆ.

ವಿಜಯಪುರದಲ್ಲಿ ಇಮ್ಮಡಿ ಇಬ್ರಾಹೀಮ್ ಆದಿಲ್ ಶಾಹನ ಆಶ್ರಯದಲ್ಲಿ ಫೆರಿಶ್ತಾ ಬರೆದದ್ದು ಇನ್ನೊಂದು ಬಗೆ, ಅರಮನೆಯ ಇತಿಹಾಸ. ಬಹಮನಿ ಸುಲ್ತಾನರು ವಿಜಯನಗರದೊಡನೆ ಹೋರಾಡಿದ ಕಾಳಗಗಳನ್ನು ಅವನು ಸುಮಾರು ಎರಡು ಶತಮಾನಗಳ ನಂತರ ವರ್ಣಿಸುತ್ತಾನೆ. ಸತ್ತವರ ಲೆಕ್ಕವನ್ನು ಲಕ್ಷಗಳಲ್ಲಿ ಕೊಡುತ್ತಾನೆ. ವಿಜಯವನ್ನು ಹಿಗ್ಗಿಸಿ ಹೇಳುವುದು ಆ ಪ್ರಕಾರದ ವಾಡಿಕೆ. 1829ರಲ್ಲಿ ಬ್ರಿಗ್ಸ್‌ನ ಇಂಗ್ಲಿಷ್ ಅನುವಾದ ಬಂದ ನಂತರ ಆ ಸಂಖ್ಯೆಗಳನ್ನು ಜನಗಣತಿಯ ಅಂಕಿಗಳಂತೆ ಓದಲಾಯಿತು. ಇಂದಿಗೂ ಅವು ನಮ್ಮ ನೆರೆಹೊರೆಯವರ ನಡುವೆ ಕಹಿ ಬೆಳೆಸಲು ಬಳಕೆಯಾಗುತ್ತಿವೆ. ಯುದ್ಧದಲ್ಲಿ ಅಮಾಯಕರು ಸತ್ತಿಲ್ಲವೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಸತ್ತಿದ್ದಾರೆ, ಅದು ನೋವಿನ ಸಂಗತಿ. ಆದರೆ ಇಬ್ನು ಖಲ್ದೂನ್ ಫೆರಿಶ್ತಾನಿಗಿಂತ ಎರಡು ಶತಮಾನ ಮೊದಲೇ ತಮ್ಮ ‘ಮುಕದ್ದಿಮ’ದಲ್ಲಿ ಇತಿಹಾಸಕಾರರ ಈ ಸಂಖ್ಯಾಮೋಹವನ್ನು ಬಯಲಿಗೆಳೆದಿದ್ದರು. ಪ್ರವಾದಿ ಮೂಸಾ(ಅ)ರ ಸೇನೆಯಲ್ಲಿ ಆರು ಲಕ್ಷ ಯೋಧರಿದ್ದರೆಂಬ ಮಾತನ್ನು ಎತ್ತಿಕೊಂಡು, ಅಷ್ಟು ಜನ ಯಾವ ಬಯಲಿನಲ್ಲಿ ಸಾಲುಗಟ್ಟಿ ನಿಂತಾರು ಎಂದು ಕೇಳಿದ್ದರು.

ಇಂದು ಕನ್ನಡದಲ್ಲಿ ಬರೆಯುವ ಮುಸ್ಲಿಮ್ ಯುವಕ ಯುವತಿಯರು ಅನೇಕರಿದ್ದಾರೆ. ಬೋಳುವಾರು ಮಹಮದ್ ಕುಂಞಿಯವರು ಪ್ರವಾದಿ(ಸ) ಜೀವನವನ್ನು ಆಧರಿಸಿ ‘ಓದಿರಿ’ ಎಂಬ ಕಾದಂಬರಿ ಬರೆದಿದ್ದಾರೆ. ಕಾದಂಬರಿಯನ್ನು ಕಾದಂಬರಿಯಾಗಿ ಓದುವುದು, ಸೀರಾವನ್ನು ಸೀರಾವಾಗಿ ಓದುವುದು ಓದುಗರ ಹೊಣೆ. ತಾನು ಬರೆಯುತ್ತಿರುವುದು ಯಾವುದು ಎಂದು ಮೊದಲ ಪುಟದಲ್ಲೇ ತಿಳಿಸುವುದು ಲೇಖಕರ ಹೊಣೆ. ನಮ್ಮ ವಾರಪತ್ರಿಕೆಗಳಲ್ಲಿ, ಜುಮಾ ಭಾಷಣಗಳ ಟಿಪ್ಪಣಿಗಳಲ್ಲಿ “ಒಂದು ಹದೀಸಿನಲ್ಲಿದೆ” ಎಂದು ಆರಂಭವಾಗುವ ಎಷ್ಟೋ ಕಥೆಗಳು ಹದೀಸ್‌ಗಳಲ್ಲ. ಅವು ಪ್ರವಾದಿಗಳ ಕಥಾಸಂಗ್ರಹಗಳಿಂದಲೋ ಉಪದೇಶ ಗ್ರಂಥಗಳಿಂದಲೋ ಬಂದವು. “ಕಥಾಗ್ರಂಥವೊಂದರಲ್ಲಿದೆ” ಎಂದು ಬರೆದರೆ ಕಥೆಯ ಸೊಗಸಿಗೆ ಕುಂದೇನೂ ಬಾರದು.

ಈ ಲೇಖನದ ಆರಂಭದಲ್ಲಿ ನಾನೂ ಎರಡನ್ನು ಒಂದೇ ಉಸಿರಿನಲ್ಲಿ ಹೇಳಿದ್ದೇನೆ. ವಲೀದ್‌ನೊಂದಿಗೆ ಕುರೈಶರು ನಡೆಸಿದ ಸಮಾಲೋಚನೆಯ ಪ್ರಸಂಗ ಇಬ್ನು ಇಸ್‌ಹಾಕ್‌ರ ಸೀರಾದಿಂದ ಬಂದದ್ದು. ಕವಿಯ ಮಾತಲ್ಲ, ಕಾಹಿನನ ಮಾತಲ್ಲ ಎಂಬುದು ಅಲ್ಲಾಹನ ವಚನದ ಆಶಯ. ಓದುಗರು ಅವೆರಡನ್ನೂ ಬೇರೆ ಬೇರೆ ತಕ್ಕಡಿಯಲ್ಲಿಟ್ಟು ತೂಗಬೇಕಾಗಿ ವಿನಂತಿ.