ಗೋಡೆ ಒಡೆಯದೆ ಹೂಡಿದ ಬಿಡಾರ

ಕೂಡುಕುಟುಂಬದ ಆಸ್ತಿಗೂ ಗಣಕದ ಹಾರ್ಡ್ ಡಿಸ್ಕಿಗೂ ನಮ್ಮಲ್ಲಿ 'ಪಾರ್ಟಿಷನ್' ಎಂಬ ಒಂದೇ ಮಾತು ಬಳಕೆಯಲ್ಲಿರುವುದು ಸಮಂಜಸವಾಗಿಯೇ ಇದೆ. ತೊಂಬತ್ತರ ದಶಕದಲ್ಲಿ ಎರಡನೆಯದೂ ಮೊದಲನೆಯದರಷ್ಟೇ ಭಯಾವಹವಾಗಿದ್ದಿತು. ಒಂದು ಅಂಕಿ ತಪ್ಪಿದರೆ ವರ್ಷಗಳ ಲೆಕ್ಕಪತ್ರಗಳೆಲ್ಲ ಕ್ಷಣಾರ್ಧದಲ್ಲಿ ಅಳಿಸಿಹೋಗಬಹುದಾಗಿದ್ದುದರಿಂದ, ಸಾಮಾನ್ಯವಾಗಿ ಡಿಸ್ಕನ್ನು ಪಾಲುಮಾಡಿ ಹೂಡಬೇಕಿದ್ದ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಒಮ್ಮೆ ನೋಡಬೇಕೆಂಬ ಕುತೂಹಲವುಳ್ಳವರು ಕೂಡ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. ಈ ಭಯವನ್ನು ಅಜ್ಞಾನವೆಂದು ಹಳಿಯದೆ, ಅದಕ್ಕೆ ತಕ್ಕ ಉಪಾಯವನ್ನು ಅರಸಿದವರ ಸೌಜನ್ಯವನ್ನು ನಾನು ಬಹುವಾಗಿ ಗೌರವಿಸುತ್ತೇನೆ.

ಅಂತಹವರಲ್ಲಿ ಜಾಕ್ ಜೆಲಿನಾ ಅವರು ಸ್ಮರಣೀಯರು. ಡಾಸ್ ವ್ಯವಸ್ಥೆಯು ಕಡತದ ಹೆಸರಿಗೆ ಎಂಟು ಅಕ್ಷರ, ಅದರ ಬಾಲಕ್ಕೆ ಮೂರು ಅಕ್ಷರಗಳಿಗಿಂತ ಹೆಚ್ಚಿನ ಅವಕಾಶವನ್ನು ಕೊಡುತ್ತಿರಲಿಲ್ಲ. ಕಡತದ ಒಡೆಯರಾರು, ಓದುವ ಅಧಿಕಾರ ಯಾರಿಗುಂಟು ಎಂಬುದನ್ನು ನಮೂದಿಸಲಂತೂ ಅಲ್ಲಿ ಸ್ಥಳವೇ ಇರಲಿಲ್ಲ. ಡಾಸಿನ ಪಾರ್ಟಿಷನ್ನಿನಲ್ಲೇ ಲಿನಕ್ಸ್ ನೆಲೆಸುವಂತೆ ಮಾಡಿದ ಜೆಲಿನಾ ಅವರ 'ಯುಎಂಎಸ್‌ಡಾಸ್' ಎಂಬ ಕಡತವ್ಯವಸ್ಥೆಯು ಅಲ್ಲಿನ ಡೈರೆಕ್ಟರಿಗಳಲ್ಲಿ, ಅಡ್ಡಗೆರೆಗಳ ನಡುವೆ ಲಿನಕ್ಸ್ ಎಂಬ ಹೆಸರನ್ನು ಹೊತ್ತ ಪುಟ್ಟ ಕಡತವೊಂದನ್ನಿರಿಸಿ, ಉದ್ದನೆಯ ಹೆಸರುಗಳನ್ನೂ ಒಡೆತನದ ವಿವರಗಳನ್ನೂ ಅದರಲ್ಲಿ ಬರೆದಿಡುತ್ತಿತ್ತು. ಡಾಸಿಗೆ ಅದು ಅರ್ಥವಾಗದ ಚೀಟಿ. ಲಿನಕ್ಸಿಗೆ ಮನೆಯ ಖಾತೆಪುಸ್ತಕ. ಡಾಸಿನಿಂದಲೇ ಲಿನಕ್ಸನ್ನು ಎಬ್ಬಿಸಲು ಹ್ಯಾನ್ಸ್ ಲೆರ್ಮೆನ್ ಅವರ 'ಲೋಡ್‌ಲಿನ್' ಇದ್ದಿತು.

ಮುಂದೆ 2000ದಲ್ಲಿ ಬಿಓಎಸ್ 5 ಎಂಬ ಮತ್ತೊಂದು ಕಾರ್ಯಾಚರಣಾ ವ್ಯವಸ್ಥೆಯ ಉಚಿತ ಆವೃತ್ತಿಯು ವಿಂಡೋಸಿನೊಳಗಿನ 500 ಮೆಗಾಬೈಟಿನ ಒಂದೇ ಕಡತದಲ್ಲಿ ನೆಲೆಸಿತು. ಇದೇ ಕ್ರಮವನ್ನು ಜನಸಾಮಾನ್ಯರ ಕೈಗೆಟುಕಿಸಿದುದು, 2008ರಲ್ಲಿ ಉಬುಂಟು ಎಂಬ ಲಿನಕ್ಸ್ ವಿತರಣೆಯ 8.04ನೆಯ ಆವೃತ್ತಿಯೊಡನೆ ಬಂದ, ಅಗೊಸ್ತಿನೊ ರುಸ್ಸೊ ಮತ್ತು ಸಂಗಡಿಗರ 'ವುಬಿ' ಎಂಬ ಸ್ಥಾಪಕ ತಂತ್ರಾಂಶ. ಸಿ ಡ್ರೈವಿನ ಫೋಲ್ಡರೊಂದರಲ್ಲಿ 'ರೂಟ್ ಡಿಸ್ಕ್' ಎಂಬ ಒಂದು ದೊಡ್ಡ ಕಡತವಿರುತ್ತಿತ್ತು. ಗಣಕವು ಏಳುವಾಗ ಉಬುಂಟುವನ್ನು ಆರಿಸಿದರೆ, ಅದು ಆ ಕಡತವನ್ನೇ ತನ್ನ ಡಿಸ್ಕಾಗಿ ಬಳಸುತ್ತಿತ್ತು. ಬೇಡವಾದಾಗ, ಬೇರಾವುದೇ ತಂತ್ರಾಂಶದಂತೆ ಕಂಟ್ರೋಲ್ ಪ್ಯಾನೆಲಿನ ಪಟ್ಟಿಯಿಂದ ತೆಗೆದುಹಾಕಿದರಾಯಿತು, ಮನೆ ಮೊದಲಿದ್ದಂತೆಯೇ.

ಆದರೆ ಆಶ್ರಯದಾತನ ಮಾಡು ಸೋರಿದರೆ ಅತಿಥಿಯೂ ನೆನೆಯಲೇಬೇಕಷ್ಟೆ. ವಿದ್ಯುತ್ತು ಹಠಾತ್ತನೆ ನಿಂತು ವಿಂಡೋಸಿನ ಕಡತವ್ಯವಸ್ಥೆ ಕೆಟ್ಟರೆ, ಆ ಒಂದು ಕಡತದೊಡನೆ ಉಬುಂಟುವಿನ ಸರ್ವಸ್ವವೂ ಅಪಾಯಕ್ಕೆ ಸಿಲುಕುತ್ತಿತ್ತು. ಹೇಳದೆ ಕೇಳದೆ ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಇದು ಅಲ್ಪವಾದ ಚಿಂತೆಯಾಗಿರಲಿಲ್ಲ. ವಿಂಡೋಸ್ 8ರೊಡನೆ ಗಣಕವು ಏಳುವ ಕ್ರಮವೇ ಮಾರ್ಪಟ್ಟು ವುಬಿಗೆ ಒಗ್ಗದಾಯಿತು. 2013ರ ಉಬುಂಟು 13.04ರೊಡನೆ ಅದನ್ನು ಕೊಡಲಿಲ್ಲ. ಕಡತದ ಬಿಡಾರವನ್ನೇ ಮನೆ ಮಾಡಿಕೊಂಡವರಲ್ಲಿ ಕೆಲವರು, ಒಂದು ಕಾಲಕ್ಕೆ ತಾವು ಹೆದರಿದ್ದ ಪಾರ್ಟಿಷನ್ನನ್ನು ತಮ್ಮ ಕೈಯಿಂದಲೇ ಮಾಡಿ, ಒಳಗಿದ್ದುದನ್ನೆಲ್ಲ ಅಲ್ಲಿಗೆ ಸಾಗಿಸಿಕೊಂಡರು.