ಆಡೋಕೆ ಬಿಟ್ಟರು, ಆಡಿಸೋಕೆ ಬಿಡಲಿಲ್ಲ

ಅಮೆರಿಕದಲ್ಲಿ ಕಾಲೇಜು ಹುಡುಗರ ಆಟ ಅಂದರೆ ಸಣ್ಣ ಮಾತಲ್ಲ. ಅಲ್ಲಿಯ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅದನ್ನು ನೋಡೋಕೆ ದೊಡ್ಡ ಮೈದಾನಗಳಲ್ಲಿ 80-90 ಸಾವಿರ ಜನ ಸೇರುತ್ತಾರೆ. ಹಲವು ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಆಟದ ಒಕ್ಕೂಟಕ್ಕೆ ಕಾನ್ಫರೆನ್ಸ್ ಅನ್ನುತ್ತಾರೆ. ಅದರ ಮುಖ್ಯ ಅಧಿಕಾರಿಯೇ ಕಮಿಷನರ್.

ದಕ್ಷಿಣ ರಾಜ್ಯಗಳ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಹುಟ್ಟಿದ್ದು 1932ರಲ್ಲಿ. ಅದು ಹಿಂದೆ ಗುಲಾಮಗಿರಿ ನಡೆದಿದ್ದ ನಾಡು. ಅಲ್ಲಿ ಕಪ್ಪು ಜನಾಂಗದ ಹುಡುಗನೊಬ್ಬ ಈ ಒಕ್ಕೂಟದ ಫುಟ್‌ಬಾಲ್ ಪಂದ್ಯಕ್ಕೆ ಇಳಿಯೋಕೆ 1967 ಬರಬೇಕಾಯಿತು. ಆತ ಕೆಂಟಕಿ ವಿಶ್ವವಿದ್ಯಾಲಯದ ನೇಟ್ ನಾರ್ತಿಂಗ್ಟನ್. ಆಮೇಲೆ ಕಪ್ಪು ಆಟಗಾರರು ತಂಡತಂಡಗಳಲ್ಲಿ ತುಂಬಿದರು, ಕಪ್‌ಗಳನ್ನು ಗೆದ್ದುಕೊಟ್ಟರು. ಆದರೆ ಮುಖ್ಯ ಕೋಚ್ ಕುರ್ಚಿಯಲ್ಲಿ ಒಬ್ಬನೂ ಇಲ್ಲ!

2002ರಲ್ಲಿ ಮೈಕ್ ಸ್ಲೈವ್ ಕಮಿಷನರ್ ಆಗಿ ಬಂದರು. ಯಹೂದಿ ಮನೆತನದವರು, ವಕೀಲರು, ಹಿಂದೆ ನ್ಯಾಯಾಧೀಶರಾಗಿದ್ದವರು. ಬೇರೆ ಎರಡು ಕಾನ್ಫರೆನ್ಸ್ ನಡೆಸಿದ ಅನುಭವ ಇತ್ತು. ಕೋಚ್ ನೇಮಕ ಆಯಾ ವಿಶ್ವವಿದ್ಯಾಲಯದ ಕೈಲಿತ್ತು, ಕಮಿಷನರ್ ಕೈಲಲ್ಲ. ಆದರೂ ಎಲ್ಲರೂ ನುಂಗಿಕೊಂಡಿದ್ದ ಈ ಮಾತನ್ನು ಅವರು ಬಹಿರಂಗವಾಗಿ ಎತ್ತಿದರು.

ಸಿಲ್ವೆಸ್ಟರ್ ಕ್ರೂಮ್ 1970ರ ದಶಕದಲ್ಲಿ ಅಲಬಾಮಾ ತಂಡಕ್ಕೆ ಆಡಿ ಹೆಸರು ಮಾಡಿದ್ದರು. 2003ರಲ್ಲಿ ಅದೇ ಅಲಬಾಮಾದಲ್ಲಿ ಕೋಚ್ ಹುದ್ದೆಗೆ ಇವರ ಹೆಸರು ಕೇಳಿಬಂತು, ಕೆಲಸ ಮಾತ್ರ ಬೇರೆಯವರಿಗೆ ಹೋಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಒಕ್ಕೂಟದ ಮೊದಲ ಕಪ್ಪು ಮುಖ್ಯ ಫುಟ್‌ಬಾಲ್ ಕೋಚ್ ಅವರೇ. ಅಂಗಳಕ್ಕೆ ಕಾಲಿಟ್ಟ ಮೇಲೆ ಕುರ್ಚಿ ಸಿಗೋಕೆ ಮತ್ತೆ 36 ವರ್ಷ ಹಿಡಿಯಿತು.

ಕ್ರೂಮ್ ಗೆದ್ದಿದ್ದಕ್ಕಿಂತ ಸೋತದ್ದೇ ಹೆಚ್ಚು. 2008ರಲ್ಲಿ ಹುದ್ದೆ ಬಿಟ್ಟರು. ಒಬ್ಬ ಸೋತರೆ ಅವನ ಜನವೇ ಸೋತರು ಅಂತ ಲೆಕ್ಕ ಹಾಕುವವರು ಎಲ್ಲಾ ಕಡೆ ಇರುತ್ತಾರೆ. ಆದರೆ ತೆರೆದ ಬಾಗಿಲು ಮುಚ್ಚಲಿಲ್ಲ. 2012ರಲ್ಲಿ ಕೆಂಟಕಿ, ವ್ಯಾಂಡರ್‌ಬಿಲ್ಟ್, ಟೆಕ್ಸಾಸ್ ಎ ಅಂಡ್ ಎಂ, ಮೂರೂ ಕಡೆ ಕಪ್ಪು ಕೋಚ್‌ಗಳಿದ್ದರು.

ಸ್ಲೈವ್ 2015ರಲ್ಲಿ ನಿವೃತ್ತರಾದರು, 2018ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಒಕ್ಕೂಟದ ತಂಡಗಳು 2006ರಿಂದ ಸತತ ಏಳು ವರ್ಷ ರಾಷ್ಟ್ರೀಯ ಫುಟ್‌ಬಾಲ್ ಪಟ್ಟ ಗೆದ್ದವು, 2014ರಲ್ಲಿ ಒಕ್ಕೂಟದ್ದೇ ಟಿವಿ ಚಾನೆಲ್ ಶುರುವಾಯಿತು. ಇದನ್ನೆಲ್ಲ ಅಲ್ಲಿಯವರು ನೆನೆಯುತ್ತಾರೆ.

ನಾವು ನೆನಪಿಡಬೇಕಾದ್ದು ಬೇರೆ. ತಂಡದಲ್ಲಿ ನಮ್ಮ ಹುಡುಗರು ಎಷ್ಟಿದ್ದಾರೆ ಅಂತ ಎಣಿಸಿದರೆ ಸಾಲದು. ತಂಡ ಆರಿಸೋ ಮೇಜಿನ ಮುಂದೆ ಯಾರು ಕೂತಿದ್ದಾರೆ, ಅದನ್ನೂ ಕೇಳಬೇಕು.