ಕೀಲ್ ಕಾಲುವೆ ಯಾರ ಕೈಯಲ್ಲಿತ್ತು? ವಿಂಬಲ್ಡನ್ ತೀರ್ಪಿನ ಮರುಪರಿಶೀಲನೆ

ವರ್ಸೇಲ್ಸ್ ಒಪ್ಪಂದದ 380ನೆಯ ವಿಧಿ ಕೀಲ್ ಕಾಲುವೆಯನ್ನು ಜರ್ಮನಿಯಿಂದ ಕಸಿದು ಅಂತರರಾಷ್ಟ್ರೀಯ ಜಲಮಾರ್ಗವಾಗಿಸಿತು, ಅಂತರರಾಷ್ಟ್ರೀಯ ನ್ಯಾಯದ ಕಾಯಂ ನ್ಯಾಯಾಲಯ 1923ರಲ್ಲಿ ಕೊಟ್ಟ ವಿಂಬಲ್ಡನ್ ತೀರ್ಪು ಅದಕ್ಕೆ ಮುದ್ರೆ ಒತ್ತಿತು ಎಂಬ ಮಾತು ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಇಳಿದು ಬಂದಿದೆ. ಇದನ್ನು ಬರೆದವರು 331ನೆಯ ವಿಧಿಯನ್ನು ಪಕ್ಕದಲ್ಲಿಟ್ಟು ಓದಿದಂತಿಲ್ಲ. ಎಲ್ಬ್, ಓಡರ್ ನದಿಗಳನ್ನು ಅಂತರರಾಷ್ಟ್ರೀಯವೆಂದು ಸಾರಿದ ಆ ಒಪ್ಪಂದ, ಅವುಗಳ ಆಡಳಿತಕ್ಕೆ ಆಯೋಗಗಳನ್ನೂ ನೇಮಿಸಿತು. ಕೀಲ್‌ಗೆ ಆಯೋಗವಿಲ್ಲ. ಜರ್ಮನಿಯೊಡನೆ ಶಾಂತಿಯಿಂದಿರುವ ಎಲ್ಲ ದೇಶಗಳ ವ್ಯಾಪಾರಿ ಹಡಗುಗಳಿಗೂ ಯುದ್ಧನೌಕೆಗಳಿಗೂ ದಾರಿ ಸಮಾನವಾಗಿ ತೆರೆದಿರಬೇಕು ಎಂಬುದಷ್ಟೇ ಅಲ್ಲಿನ ಕಟ್ಟಳೆ. ದಾರಿಯ ಹಕ್ಕು ಪರರದು, ದಾರಿಯ ಆಡಳಿತ ಜರ್ಮನಿಯದೇ.

1921ರ ಮಾರ್ಚ್ 21ರಂದು ನಡೆದದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ಫ್ರೆಂಚ್ ಕಂಪನಿಯೊಂದು ಗುತ್ತಿಗೆಗೆ ಪಡೆದಿದ್ದ ಇಂಗ್ಲಿಷ್ ಹಡಗು ವಿಂಬಲ್ಡನ್, 4,200 ಟನ್ ಯುದ್ಧಸಾಮಗ್ರಿಯೊಡನೆ ಸಲೋನಿಕಾದಿಂದ ಡಾನ್ಜಿಗ್‌ಗೆ ಹೊರಟಿತ್ತು. ಪೋಲೆಂಡ್–ರಷ್ಯಾ ಯುದ್ಧದಲ್ಲಿ ತಾನು ತಟಸ್ಥ ಎಂದು 1920ರ ಜುಲೈನಲ್ಲಿ ಹೊರಡಿಸಿದ್ದ ಆಜ್ಞೆಗಳನ್ನು ಮುಂದೊಡ್ಡಿ ಜರ್ಮನಿ ಅದನ್ನು ತಡೆಯಿತು. (ಆ ಯುದ್ಧವನ್ನು ಮುಗಿಸಿದ ರೀಗಾ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು ಆಗಲೇ ಮೂರು ದಿನವಾಗಿತ್ತು, ತಟಸ್ಥ ನೀತಿಯ ವಕೀಲರು ಈ ತಾರೀಖನ್ನು ಅಡಿಟಿಪ್ಪಣಿಗೂ ತರುವುದಿಲ್ಲ.) ನ್ಯಾಯಾಲಯದ ಬಹುಮತ ಈ ತಡೆ ತಪ್ಪೆಂದಿತು. ಭಿನ್ನಮತ ಬರೆದ ನ್ಯಾಯಾಧೀಶರಾದ ಆನ್ಜಿಲೊಟ್ಟಿ ಮತ್ತು ಹೂಬರ್ ಅವರ ವಾದ ಹಗುರವಾದದ್ದಲ್ಲ: ವಾಣಿಜ್ಯ, ಸಂಚಾರಗಳ ಕರಾರುಗಳು ಸಾಮಾನ್ಯವಾಗಿ ಶಾಂತಿಕಾಲವನ್ನು ಮನಸ್ಸಿನಲ್ಲಿಟ್ಟು ಆಗುವಂಥವು; ಹತ್ತಿರದಲ್ಲಿ ಯುದ್ಧವಿರುವಾಗ ತಟಸ್ಥ ರಾಷ್ಟ್ರ ತನ್ನ ಸ್ವಾತಂತ್ರ್ಯವನ್ನು ಮೌನವಾಗಿ ಬಿಟ್ಟುಕೊಟ್ಟಿತೆಂದು ಊಹಿಸಲಾಗದು. ಆದರೆ 380ನೆಯ ವಿಧಿ ಯುದ್ಧದ ಬಗ್ಗೆ ಮೌನವಾಗಿಲ್ಲ. ಜರ್ಮನಿಯೊಡನೆ ಯುದ್ಧದಲ್ಲಿರುವವರನ್ನು ಹೊರಗಿಡುವಾಗಲೇ ಕರಡು ಬರೆದವರು ಯುದ್ಧವನ್ನು ಎಣಿಸಿದ್ದರು. ಯುದ್ಧನೌಕೆಗೇ ದಾರಿ ಕೊಟ್ಟವರು ಮದ್ದುಗುಂಡು ಹೊತ್ತ ವ್ಯಾಪಾರಿ ಹಡಗಿಗೆ ಕೊಡಲಿಲ್ಲವೆಂದು ಓದುವುದು ಜಾಣತನ ಇರಬಹುದು, ಓದಲ್ಲ. ಆದ್ದರಿಂದ ಬಹುಮತದ ತೀರ್ಮಾನ ನನಗೆ ಒಪ್ಪಿಗೆ.

ಒಪ್ಪಿಗೆಯಾಗದ್ದು, ಅದಕ್ಕೆ ಊರುಗೋಲಾಗಿ ತಂದ ಸೂಯೆಜ್ ನಿದರ್ಶನ. 1888ರ ಕಾನ್‌ಸ್ಟಾಂಟಿನೋಪಲ್ ಒಡಂಬಡಿಕೆ ಆ ಕಾಲುವೆಯನ್ನು ಯುದ್ಧಕಾಲದಲ್ಲೂ ಎಲ್ಲರಿಗೂ ತೆರೆದಿತ್ತು; 1914ರಿಂದ ಅದನ್ನು ಕಾದದ್ದು ಬ್ರಿಟಿಷ್ ಸಾಮ್ರಾಜ್ಯದ ಪಡೆಗಳು (ಮೈಸೂರು ಲ್ಯಾನ್ಸರ್ಸ್ ಕೂಡ ಅಲ್ಲಿದ್ದರು), ಶತ್ರುಗಳ ಹಡಗಿಗೆ ದಾರಿ ಸಿಗಲಿಲ್ಲ. ದಾವೆ ಹೂಡಿದ ನಾಲ್ಕು ರಾಷ್ಟ್ರಗಳಲ್ಲಿ ಬ್ರಿಟನ್ನೂ ಒಂದು ಎಂಬುದನ್ನು ನೆನೆದರೆ ನಿದರ್ಶನ ಇನ್ನಷ್ಟು ಸೊರಗುತ್ತದೆ. ಸೂಯೆಜ್‌ನಿಂದ ಸಿದ್ಧವಾಗುವುದು ದಡದಲ್ಲಿ ಕಾವಲಿರುವವನ ಅಧಿಕಾರವೇ ಹೊರತು ಒಪ್ಪಂದದ ಬಲವಲ್ಲ. ಹಾಗಾದರೆ ತೀರ್ಪಿಗೆ ಬೆಲೆಯೇ ಇಲ್ಲವೆ ಎಂದು ಕೇಳಬಹುದು. ಬೆಲೆ ಇದೆ, ಅದು ಫ್ರಾಂಕುಗಳಲ್ಲಿದೆ: ಹನ್ನೊಂದು ದಿನದ ತಡೆ, ಡೆನ್ಮಾರ್ಕಿನ ಜಲಸಂಧಿ ಬಳಸಿ ಹೋಗಲು ಹಿಡಿದ ಎರಡು ದಿನ, ಇವಕ್ಕೆಲ್ಲ ಸೇರಿ 1,40,749 ಫ್ರಾಂಕ್ ಚಿಲ್ಲರೆ ಪರಿಹಾರ. ಕಾಲುವೆಯ ಆಡಳಿತದಲ್ಲಿ ಒಂದು ಕುರ್ಚಿಯನ್ನೂ ನ್ಯಾಯಾಲಯ ಪರರಿಗೆ ಕೊಡಲಿಲ್ಲ, ಕೊಡುವ ಅಧಿಕಾರವೂ ಅದಕ್ಕಿರಲಿಲ್ಲ. 1936ರ ನವೆಂಬರ್ 14ರಂದು ಜರ್ಮನಿ ವರ್ಸೇಲ್ಸ್ ಒಪ್ಪಂದದ ಜಲಮಾರ್ಗ ವಿಧಿಗಳನ್ನು ಕಿತ್ತೊಗೆದಾಗ, ನದಿ ಆಯೋಗಗಳಿಂದ ಹೊರಬರಬೇಕಾಯಿತು. ಕೀಲ್‌ನಲ್ಲಿ ಹೊರಬರಲು ಯಾವ ಸಂಸ್ಥೆಯೂ ಇರಲಿಲ್ಲ.